ಸೊಪ್ಪಿನಜ್ಜಿಯ ದವಡೆ

ಸಬ್ಸಿಗೆ ಸೊಪ್ಪಿನ ವಾಸನೆ ನನಗೆ ಆಗುವುದಿಲ್ಲ. ಮೊನ್ನೆ ರಾಮಕೃಷ್ಣನಗರದ ನಮ್ಮ ಬೀದಿಗೆ ಬಂದ ತಳ್ಳುಗಾಡಿಯಿಂದ ಮೆಂತ್ಯ ಎತ್ತಿಕೊಳ್ಳುವಾಗ ಪಕ್ಕದ ಸಬ್ಸಿಗೆ ಘಮ್ಮೆಂದಿತು. ಒಂಟಿಕೊಪ್ಪಲಿನ ಹಳೆಯ ಬಾಡಿಗೆ ಮನೆಯ ಗೇಟಿನಲ್ಲಿ ನಿಂತ ಹಾಗಾಯಿತು...

ಅಲ್ಲಿಗೆ ಇಲವಾಲದಿಂದ ದಿನಾ ಸಬ್ಸಿಗೆ ಘಮಘಮಿಸುವ ಬುಟ್ಟಿ ಹೊತ್ತು ಒಬ್ಬ ಸೊಪ್ಪಿನಜ್ಜಿ ಬರುತ್ತಿದ್ದಳು. ಅವಳ ಕೂಗು ಬೀದಿಯ ಆ ತುದಿಯಿಂದಲೇ ಕೇಳುತ್ತಿತ್ತು. ಆಗ ನಾನು ಮೆಡಿಕಲ್ ಕಾಲೇಜಿನಲ್ಲಿ ಪಿಜಿ ಓದುತ್ತಿದ್ದೆ. ಗದ್ದಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ದವಡೆ ತಾನಾಗಿ ಮೇಲಕ್ಕೆ ಎಗರುತ್ತದೆ. ಆರೋಗ್ಯವಂತರಲ್ಲಿ ಅದು ವಯಸ್ಸಿಗೆ ತಕ್ಕಂತೆ, ಹೆಣ್ಣು ಗಂಡಿಗೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ನನ್ನ ಪ್ರಬಂಧದ ಕೆಲಸ. ಹುಡುಗರು ಬೇಕಾದಷ್ಟು ಸಿಕ್ಕಿದರು. ವಯಸ್ಸಾದ ಹೆಂಗಸರೇ ಸಿಗಲಿಲ್ಲ. ಅಜ್ಜಿಯನ್ನು ಕೇಳಿದೆ.

“ನಂಗ್ಯಾವ ರೋಗ ಬಂದದೆ ಅಂತ ಕರೀತೀಯವ್ವ? ಗುಂಡ್ಕಲ್ಲಂಗಿವ್ನಿ!”

“ಅದಕ್ಕೇ ಕಣಜ್ಜಿ, ಗುಂಡುಕಲ್ಲಿನಂಥವರೇ ಬೇಕು.”

ಒಳ್ಳೆಯ ಸೀರೆ ಉಟ್ಟು ಕಾಲೇಜಿಗೆ ಬಂದಳು. ಮಾತು ಸ್ವಲ್ಪ ತೊದಲುತ್ತಿತ್ತು. ಎಲೆಅಡಿಕೆ ಹಾಕಿದ್ದಾಳೆ, ಅದಕ್ಕೇ ಅಂದುಕೊಂಡೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಅದನ್ನು ಉಗಿಸಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟಿದ್ದವಳೇ ನಾನು. ಆಮೇಲೂ ಮಾತು ಹಾಗೇ ಇತ್ತು.

ವಯಸ್ಸಾದವರಲ್ಲಿ ಈ ಎಗರು ಮಂಕಾಗಿರುತ್ತದೆ, ಕೆಲವರಲ್ಲಿ ಬರುವುದೇ ಇಲ್ಲ. ಅವಳದು ಸುತ್ತಿಗೆ ಸೋಕುತ್ತಲೇ ಟಕ್ಕೆಂದು ಎಗರಿತು. “ಹದಿನೆಂಟರ ಹುಡುಗಿ ದವಡೆ ಕಣಜ್ಜಿ ನಿಂದು!” ಎಂದು ಹಿಗ್ಗಿ, ಫಾರಂನಲ್ಲಿ ‘ಆರೋಗ್ಯವಂತೆ’ ಎಂದು ಬರೆದೆ. ಅವಳು ಆ ಮಾತನ್ನು ಸೊಪ್ಪಿನ ಜೊತೆ ಮನೆಮನೆಗೂ ಹಂಚಿದಳು.

ಆರು ತಿಂಗಳಲ್ಲಿ ಕೂಗು ನಿಂತಿತು. ನಾಲಿಗೆ, ಗಂಟಲಿನ ಬಲವನ್ನೇ ತಿನ್ನುವ ನರದ ಕಾಯಿಲೆಯಂತೆ, ವಾಸಿಯಾಗುವುದಿಲ್ಲವಂತೆ ಎಂದು ಅವಳ ಮಗಳು ಹೇಳಿದಳು. ಆ ಕಾಯಿಲೆಯವರಲ್ಲಿ ದವಡೆ ಹಾಗೆ ಅತಿಯಾಗಿ ಎಗರುತ್ತದೆ ಎಂದು ನಾನೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮೊದಲೇ ತಿಳಿದಿದ್ದರೂ ಅವಳು ಉಳಿಯುತ್ತಿರಲಿಲ್ಲ, ನಿಜ.

ಕೊನೆಯ ಸಲ ಮಗಳು ಬುಟ್ಟಿ ಹೊತ್ತಿದ್ದಳು, ಅಜ್ಜಿ ಬರಿಗೈಯಲ್ಲಿ ಹಿಂದೆ ಬಂದಳು. ನನ್ನನ್ನು ಕಂಡು ಎರಡು ಬೆರಳಿನಿಂದ ತನ್ನ ಗದ್ದ ತಟ್ಟಿಕೊಂಡು ನಕ್ಕಳು. ಅದೇ ಹೆಮ್ಮೆ. ನಾನೂ ನಕ್ಕೆ... ಆಮೇಲೆ ಅವಳು ಬರಲಿಲ್ಲ.

“ಸಬ್ಸಿಗೆ ಕೊಡ್ಲಾ ಮೇಡಂ?” ಗಾಡಿಯವನು ಕೇಳುತ್ತಿದ್ದ. ಅವನ ಸ್ಪೀಕರು ದಂಟು, ಮೆಂತ್ಯ ಎಂದು ಒಂದಕ್ಷರವೂ ತೊದಲದೆ ಕೂಗುತ್ತಿತ್ತು. ಬೇಡ ಎಂದು ಒಳಗೆ ಬಂದೆ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಕಪಾಟಿನಲ್ಲಿರುವ ನನ್ನ ಪ್ರಬಂಧದಲ್ಲಿ ಅವಳು ಇನ್ನೂ ಆರೋಗ್ಯವಂತೆ.