ಜಿಡ್ಡಿನ ದಿಣ್ಣೆ

ಉತ್ತರದ ಹಿಮನಾಡಿನ ಫಾರ್ಟಿಮೈಲ್ ನದಿಯ ಮೇಲ್ದಂಡೆಯಲ್ಲಿ ಗುಂಡರ್ ಮೋಯೆನ್ ಚಿನ್ನಕ್ಕಾಗಿ ಹತ್ತೊಂಬತ್ತು ವರ್ಷ ಮಣ್ಣು ಜಾಲಿಸಿದ. ಹಿಟ್ಟು, ಬೀನ್ಸು, ಬೇಕನ್ ಎಂಬ ಉಪ್ಪು ಹಾಕಿದ ಹಂದಿಮಾಂಸ ಕೊಳ್ಳುವಷ್ಟು ಚಿನ್ನ ಸಿಕ್ಕಿತು. ಜೊತೆಗೆ ಬೇಸಿಗೆಯಲ್ಲೂ ಬಿಡದ ಮಂಡಿನೋವು ಸಿಕ್ಕಿತು. ಅದಕ್ಕೆ ಅವನ ತಕರಾರೇನೂ ಇರಲಿಲ್ಲ. ಸುತ್ತಮುತ್ತ ಎಲ್ಲರೂ ಬರಿಗೈಯಲ್ಲಿದ್ದರೆ ಮನುಷ್ಯ ಎಷ್ಟು ವರ್ಷ ಬೇಕಾದರೂ ನೆಮ್ಮದಿಯಿಂದ ಇರಬಲ್ಲ. ತೌನೊ ಬಂದ ಮೇಲೆ ಆ ನೆಮ್ಮದಿಗೆ ಕಲ್ಲು ಬಿತ್ತು.

ತೌನೊ ಫಿನ್ಲೆಂಡಿನವನು. ಐವತ್ತು ದಾಟಿತ್ತು, ಎಂದೋ ಕಲ್ಲಿನ ಚೂರು ಸಿಡಿದು ಬಲಗಣ್ಣು ಮಂಜಾಗಿತ್ತು. ಗುಂಡರನ ನೆಲ ಮುಗಿಯುವಲ್ಲಿ, ನದಿಗೆ ಸೇರುವ ತೊರೆಯ ಕೆಳತಿರುವಿನಲ್ಲಿ, ಯಾರಿಗೂ ಬೇಡವಾಗಿದ್ದ ತುಂಡನ್ನು ತನ್ನ ಹೆಸರಿಗೆ ಬರೆಸಿಕೊಂಡ. ಚಳಿಗಾಲವೆಲ್ಲ ಬೆಂಕಿ ಹಾಕಿ, ಹೆಪ್ಪುಗಟ್ಟಿದ ನೆಲ ಕರಗಿಸಿ ಬಾವಿ ತೋಡಿದ. ನದಿಯ ಮಂಜುಗಡ್ಡೆ ಒಡೆದ ಮೇಲೆ ಆ ಮಣ್ಣನ್ನು ಮರದ ಕಾಲುವೆಯಲ್ಲಿ ತೊಳೆದರೆ ತಳದಲ್ಲಿ ಗೋಧಿಕಾಳಿನಂಥ ಚಿನ್ನ. ಅವತ್ತು ಗುಂಡರ್ ಹೋಗಿ ಶಹಬ್ಬಾಸ್ ಎಂದು ಬೆನ್ನು ತಟ್ಟಿದ. ಮನೆಗೆ ಬಂದು ಊಟ ಮಾಡದೆ ಮಲಗಿದ.

ಆಮೇಲೆ ಅವನಿಗೆ ತೌನೊನದೆಲ್ಲ ಕಣ್ಣಿಗೆ ಚುಚ್ಚತೊಡಗಿತು. ಬೆಳಿಗ್ಗೆ ಎದ್ದ ಕೂಡಲೇ ಕೆಳತಿರುವಿನ ಹೊಗೆ ನೋಡುವುದು. ಅದು ತನ್ನ ಹೊಗೆಗಿಂತ ಮೊದಲು ಎದ್ದಿದ್ದರೆ ದಿನವೆಲ್ಲ ಸಿಡುಕು. ತೌನೊನ ಆಲೂಗಡ್ಡೆ ದಪ್ಪಗಾದರೂ ಸಂಕಟ. ನದಿಮುಖದಲ್ಲಿ ಊಟದ ಮನೆ ಇಟ್ಟಿದ್ದ ಅಗಾಥಾ ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿದಳು. ನಮ್ಮಲ್ಲಿ ಹಳಬರನ್ನು ಹುಳಿಹಿಟ್ಟು ಎಂದು ಕರೆಯುವುದು ರೂಢಿ. ಮೊದಲು ಬಂದವರು ರೊಟ್ಟಿಯ ಹುಳಿಹಿಟ್ಟನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು ಬಂದರಂತೆ.

"ಏನಯ್ಯಾ ಹಳೇ ಹುಳಿಹಿಟ್ಟೇ, ನಿಂದಿನ್ನೂ ಉಬ್ಬಲೇ ಇಲ್ವಲ್ಲ. ಈ ಹೊಸಬ ಎರಡೇ ವರ್ಷಕ್ಕೆ ರೊಟ್ಟಿ ಸುಟ್ಕೊಂಡ ನೋಡು" ಎಂದು ತೌನೊನ ತಟ್ಟೆಗೆ ಇನ್ನೊಂದು ತುಂಡು ಪೈ ಹಾಕಿದಳು.

ಎಲ್ಲರೂ ನಕ್ಕರು. ಗುಂಡರನೂ ನಕ್ಕ. ಅವನ ಹೊಟ್ಟೆಯೊಳಗೆ ಒಲೆ ಹೊತ್ತಿದ್ದು ಯಾರಿಗೆ ಕಾಣಬೇಕು?

ಆ ಜುಲೈನಲ್ಲಿ ತೌನೊನ ಬಾವಿ ಮುಗಿಯುತ್ತ ಬಂದಿತ್ತು. ಮುಂದಿನ ಚಳಿಗಾಲ ಎಲ್ಲಿ ತೋಡಬೇಕೆಂದು ತಿಳಿಯಲು ಅಲ್ಲಲ್ಲಿಂದ ಮಣ್ಣು ತಂದು ತಟ್ಟೆಯಲ್ಲಿ ಜಾಲಿಸಿ ನೋಡುತ್ತಿದ್ದ. ಇವನಿಗೆ ಏನೂ ಕಾಣಿಸದೆ ಹೋದರೆ? ಗಂಟುಮೂಟೆ ಕಟ್ಟುತ್ತಾನೆ. ಗುಂಡರನಿಗೆ ಈ ಯೋಚನೆ ಬಂದದ್ದೇ ತಡ, ಅದನ್ನು ಬಿಟ್ಟು ಬೇರೇನೂ ತಲೆಗೆ ಹತ್ತಲಿಲ್ಲ.

ತೌನೊ ಹಿಟ್ಟು ತರಲು ದೋಣಿಯಲ್ಲಿ ಹೋದ ದಿನ ಗುಂಡರ್ ಅವನ ಗುಡಿಸಿಲಿಗೆ ನುಗ್ಗಿದ. ನುಗ್ಗುವುದೇನು ಬಂತು, ನಮ್ಮ ನದಿಯಲ್ಲಿ ಯಾರ ಬಾಗಿಲಿಗೂ ಬೀಗವಿಲ್ಲ. ಹಸಿದವನು ಒಳಗೆ ಹೋಗಿ ಬೇಯಿಸಿ ತಿನ್ನಬಹುದು. ಹೋಗುವಾಗ ಒಲೆಯ ಪಕ್ಕ ಸೌದೆ ಸೀಳಿಟ್ಟು ಹೋಗಬೇಕು, ಅಷ್ಟೆ. ಗುಂಡರ್ ಅಲ್ಲಿ ತೂಗುಹಾಕಿದ್ದ ಬೇಕನ್ನಿನಿಂದ ಕೊಬ್ಬಿನ ಚೂರು ಕೊಯ್ದು ತೌನೊನ ಜಾಲಿಸುವ ತಟ್ಟೆಗೆ ಒಳಗೆಲ್ಲ ಸವರಿದ; ಕಣ್ಣಿಗೆ ಕಾಣದ ಹಾಗೆ ಬಟ್ಟೆಯಿಂದ ಒರೆಸಿದ. ಜಿಡ್ಡು ತಾಗಿದ ತಟ್ಟೆಯಲ್ಲಿ ಹಿಟ್ಟಿನಂಥ ಸಣ್ಣ ಚಿನ್ನ ನಿಲ್ಲುವುದಿಲ್ಲ, ತೇಲಿ ನೀರಿನೊಂದಿಗೆ ಹೋಗುತ್ತದೆ. ಅದಕ್ಕೇ ಎಲ್ಲರೂ ತಟ್ಟೆಯನ್ನು ಮೊದಲೇ ಬೆಂಕಿಯಲ್ಲಿ ನೀಲಿಯಾಗುವ ತನಕ ಸುಟ್ಟುಕೊಳ್ಳುವುದು, ಅದರಲ್ಲಿ ಅಪ್ಪಿತಪ್ಪಿಯೂ ಬೇಯಿಸದಿರುವುದು. ಕೆಲಸ ಮುಗಿಸಿದ ಗುಂಡರ್ ಬಾಗಿಲವರೆಗೆ ಹೋದವನು ವಾಪಸು ಬಂದು ಸೌದೆ ಸೀಳಿಟ್ಟ. ಅಭ್ಯಾಸಬಲ ನೋಡಿ, ದ್ರೋಹ ಮಾಡಿದ ಮನೆಯಲ್ಲೂ ಬಿಡಲಿಲ್ಲ.

ಹತ್ತು ದಿನದ ಮೇಲೆ ತೌನೊ ತಾನಾಗಿ ಬಂದು ಗುಂಡರನ ಹೊಸ್ತಿಲ ಮೇಲೆ ಕೂತ.

"ಗುಂಡರಣ್ಣ, ನಿನ್ನ ಹತ್ರ ಒಂದು ತಪ್ಪು ಒಪ್ಕೋಬೇಕು" ಎಂದ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಗುಂಡರ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿಂದೇನು ತಪ್ಪು?"

"ನಿನ್ನ ಗುಡಿಸಿಲ ಹಿಂದಿನ ದಿಣ್ಣೆಯಿಂದ ಕೇಳದೆ ಮಣ್ಣು ತಗೊಂಡೆ. ನನ್ನ ಬಾವೀಲಿ ಚಿನ್ನದ ಸಾಲು ನಿನ್ನ ಕಡೆ ತಿರುಗಿತ್ತು. ನೂರಕ್ಕೆ ನೂರು ಆ ದಿಣ್ಣೆಯಡೀಲೇ ಇದೆ ಅನ್ಕೊಂಡಿದ್ದೆ. ಮೊದಲೇ ಹೇಳಿ ಆಸೆ ಹುಟ್ಟಿಸೋದು ಬೇಡ, ನೋಡ್ಕೊಂಡೇ ಹೇಳೋಣ ಅಂತ ಸುಮ್ಮನಿದ್ದೆ."

"ಆಮೇಲೆ?"

"ಎಂಟು ಚೀಲ ಜಾಲಿಸಿದೆ ಮಾರಾಯ. ಒಂದು ಚುಕ್ಕೆ ಇಲ್ಲ. ನನ್ನ ಮಣ್ಣಲ್ಲೂ ಇಲ್ಲ. ಮಣ್ಣು ಸುಳ್ಳು ಹೇಳಲ್ಲ, ನನ್ನ ಕಣ್ಣೇ ಹೋಗಿದೆ. ಇನ್ನೊಂದಕ್ಕೂ ಮಂಜು ಬಂತು ಅಂತ ಕಾಣತ್ತೆ. ಭಾನುವಾರದ ದೋಣಿಗೆ ಹೊರಟೆ. ನನ್ನ ನೆಲ ನೀನೇ ಇಟ್ಕೋ. ಯಾರೋ ಕಂಡರಿಯದವರಿಗೆ ಯಾಕೆ?"

ಅವನು ಹೋದ ಮೇಲೆ ಗುಂಡರ್ ತನ್ನ ತಟ್ಟೆ ಹಿಡಿದು ದಿಣ್ಣೆಗೆ ಓಡಿದ. ತೌನೊ ತೋಡಿದ ಗುಂಡಿಯಿಂದಲೇ ಮಣ್ಣು ತೆಗೆದು ಜಾಲಿಸಿದ. ಕಪ್ಪು ಮರಳಿನ ಹಿಂದೆ ಹಳದಿಯ ದಪ್ಪ ಗೆರೆ, ನುಣುಪು ಹಿಟ್ಟಿನ ಹಾಗೆ. ಹತ್ತೊಂಬತ್ತು ವರ್ಷ ತೊರೆಯ ತಳವನ್ನೆಲ್ಲ ಬಗೆದವನು ದಿನಾ ಮುಖ ತೊಳೆದ ನೀರು ಎಸೆಯುತ್ತಿದ್ದದ್ದು ಈ ದಿಣ್ಣೆಯ ಮೇಲೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು ಅವನ ಬದುಕು.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ದಿಣ್ಣೆಯೂ ಅವನದು, ಕೆಳತಿರುವೂ ಅವನದು, ತೌನೊ ಭಾನುವಾರದ ದೋಣಿಯಲ್ಲಿ. ಎರಡು ದಿನ ಹಾಗೇ ಇದ್ದ. ಆದರೆ ಒಂದು ಯೋಚನೆ ಬಿಡಲಿಲ್ಲ. ಅಗಾಥಾಳ ಮನೆಯಲ್ಲಿ ಏನು ಹೇಳಿಕೊಳ್ಳುತ್ತಾರೆ? ತೌನೊ ದೇವರಂಥವನು, ಹೋಗುವಾಗ ನೆಲವನ್ನೇ ಗುಂಡರನಿಗೆ ಕೊಟ್ಟುಹೋದ ಅನ್ನುತ್ತಾರೆ. ಸಾಯುವ ತನಕ ಅದನ್ನೇ ಕೇಳಬೇಕು. ಚಿನ್ನದಲ್ಲಿ ಗೆದ್ದವನು ಒಳ್ಳೆಯತನದಲ್ಲೂ ಗೆದ್ದು ಹೋಗುವುದನ್ನು ಗುಂಡರ್ ಸಹಿಸಲಾರದೆ ಹೋದ. ಅವನಿಗೆ ಪಶ್ಚಾತ್ತಾಪವಾಯಿತೆಂದು ಹೇಳಲು ನನಗೂ ಆಸೆಯಿದೆ. ಆದರೆ ಅವತ್ತು ಅವನನ್ನು ಎಬ್ಬಿಸಿ ಕಳಿಸಿದ್ದು ಅದೇ ಹೊಟ್ಟೆಕಿಚ್ಚು.

ಭಾನುವಾರ ಬೆಳಿಗ್ಗೆ ತೌನೊ ಮೂಟೆ ಕಟ್ಟುತ್ತಿದ್ದ. ಗುಂಡರ್ ಒಳಗೆ ಬಂದು ಗೋಡೆಯಿಂದ ಅವನ ತಟ್ಟೆ ತೆಗೆದು ಒಲೆಯ ಕೆಂಡದ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಹೊಗೆ ಎದ್ದಿತು. ಗುಡಿಸಿಲ ತುಂಬ ಬೇಕನ್ ವಾಸನೆ.

ತೌನೊ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. ತಟ್ಟೆ ನೀಲಿಯಾಗುವ ತನಕ ಇಬ್ಬರೂ ನೋಡುತ್ತ ನಿಂತರು.

"ನಿನ್ನ ಕಣ್ಣಿಗೇನೂ ಆಗಿಲ್ಲ" ಎಂದ ಗುಂಡರ್. "ದಿಣ್ಣೇಲಿ ಚಿನ್ನ ಇದೆ."

"ಸೌದೆ ನೋಡಿದಾಗಲೇ ನೀನು ಬಂದಿದ್ದೆ ಅಂತ ಗೊತ್ತಾಯ್ತು" ಎಂದ ತೌನೊ. "ಅಷ್ಟು ಸಣ್ಣಗೆ ಬೇರೆ ಯಾರು ಸೀಳ್ತಾರೆ? ಬೇಕನ್ ಕೊಯ್ದಿತ್ತು. ಪಾಪ, ಹಸಿದು ಬಂದಿದ್ದಾನೆ, ಬಾಯಿಬಿಟ್ಟು ಕೇಳೋಕೆ ನಾಚಿಕೆ ಅಂದ್ಕೊಂಡೆ."

ಗುಂಡರ್ ಬಗ್ಗಿ ಮೂಟೆಯ ಗಂಟು ಬಿಚ್ಚತೊಡಗಿದ.

ತೌನೊ ಆ ದೋಣಿಗೆ ಹೋಗಲಿಲ್ಲ. ದಿಣ್ಣೆಯನ್ನು ಇಬ್ಬರೂ ಸೇರಿ ಹನ್ನೊಂದು ಚಳಿಗಾಲ ತೋಡಿದರು. ತೌನೊ ಕೇಳಿದ್ದು ಒಂದೇ: ಅದಕ್ಕೆ ಹೆಸರಿಡುವುದು ತನಗೆ ಬಿಡಬೇಕು. ನದಿಯುದ್ದಕ್ಕೂ ಅದು ಜಿಡ್ಡಿನ ದಿಣ್ಣೆಯಾಯಿತು. ಹೊಸದಾಗಿ ಬಂದವರು ಯಾಕೆ ಈ ಹೆಸರು ಎಂದು ಕೇಳಿದರೆ ತೌನೊ ಪೈಪು ಬಾಯಿಗಿಟ್ಟು, "ಅದನ್ನ ಗುಂಡರಣ್ಣನೇ ಚೆನ್ನಾಗಿ ಹೇಳೋದು" ಎನ್ನುತ್ತಿದ್ದ. ಗುಂಡರ್ ಪ್ರತಿ ಸಲವೂ ಹೇಳುತ್ತಿದ್ದ, ಸೌದೆ ಸೀಳಿಟ್ಟದ್ದನ್ನೂ ಬಿಡದೆ.

ಕೊನೆಯ ಚಳಿಗಾಲದಲ್ಲಿ ತೌನೊ ಕಾಯಿಲೆ ಬಿದ್ದು ತೀರಿಕೊಂಡ. ಮರುದಿನ ಬೆಳಿಗ್ಗೆ ಗುಂಡರ್ ಎದ್ದು ಅಭ್ಯಾಸದಂತೆ ಕೆಳತಿರುವಿನ ಕಡೆ ನೋಡಿದ. ಹೊಗೆ ಇರಲಿಲ್ಲ. ತನ್ನ ಒಲೆಯನ್ನು ಅವನು ಮಧ್ಯಾಹ್ನದವರೆಗೂ ಹಚ್ಚಲಿಲ್ಲ.