ನೂರಮೂವತ್ತೆರಡು ಎಂಬ ತುರ್ಸುನಾಲಿ

ನಮ್ಮ ಶಾಲೆಯ ಬಾಯ್ಲರ್ ಕೋಣೆಗೆ ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಕಾಲಿಟ್ಟಿರಲಿಲ್ಲ. ಅಲ್ಲಿ ಕಲ್ಲಿದ್ದಲು ಹಾಕುವ ತುರ್ಸುನಾಲಿ ನನ್ನ ಅಣ್ಣನನ್ನು ಕೊಂದವನು ಎಂದು ನಾನು ನಂಬಿದ್ದೆ, ನಮ್ಮಮ್ಮ ನಂಬಿದ್ದಳು, ನರಿನ್ ನದಿಯ ಈ ಕಡೆಯ ಊರೆಲ್ಲ ನಂಬಿತ್ತು. ಅವರು ಹೊತ್ತಿಸಿದ ಬೆಂಕಿಯ ಬಿಸಿಯಲ್ಲೇ ಕುಳಿತು ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ, ಮುಖ ಮಾತ್ರ ನೋಡುತ್ತಿರಲಿಲ್ಲ. ಈಗ ಅವರು ಎಂದು ಬರೆಯುತ್ತಿದ್ದೇನೆ. ಆಗ ಅವನು, ಇವನು ಎನ್ನುವುದೇ ಹೆಚ್ಚಾಗಿತ್ತು.

ತುರ್ಸುನಾಲಿ ಕುರುಬರ ಮಗ. ಇಪ್ಪತ್ತೆರಡನೆಯ ವಯಸ್ಸಿಗೆ ಅಕ್-ಕಿಯಿಕ್ ಕಣಿವೆದಾರಿಯ ಮೇಲಿನ ಹಿಮಠಾಣೆಗೆ ಸೇರಿದವರು ಇಪ್ಪತ್ಮೂರು ವರ್ಷ ಅಲ್ಲೇ ಕಳೆದರು. ಬೆಳಗಾದರೆ ಗೆರೆ ಹಾಕಿದ ಕೋಲು ಹಿಡಿದು ಹೋಗಿ ಹೊಸ ಹಿಮದ ಆಳ ಅಳೆಯಬೇಕು, ಬಂದು ಅಂಕಿಯನ್ನು ಕಂಪ್ಯೂಟರಿಗೆ ಹಾಕಬೇಕು. ಅದು ರೇಡಿಯೋ ಮೂಲಕ ಕೆಳಗಿನ ರಸ್ತೆ ಕಚೇರಿಗೆ ಹೋಗುತ್ತಿತ್ತು. ಆ ಅಂಕಿ ನೋಡಿಯೇ ಕಚೇರಿಯವರು ದಾರಿಯ ಅಡ್ಡಗಂಬ ಎತ್ತುವುದು, ಇಳಿಸುವುದು. ತನ್ನ ಮದುವೆಗೇ ಎರಡು ದಿನ ತಡವಾಗಿ ಬಂದ ಮನುಷ್ಯ ಇವರು, ಬಿರುಗಾಳಿ ನಿಂತಿರಲಿಲ್ಲವಂತೆ, ಅಳತೆ ಬಿಟ್ಟು ಬರುವ ಹಾಗಿರಲಿಲ್ಲವಂತೆ. ಹೆಣ್ಣಿನ ಕಡೆಯವರು ಅಷ್ಟು ಹೊತ್ತಿಗೆ ಕುರಿಮಾಂಸವನ್ನೆಲ್ಲ ತಿಂದು ಮುಗಿಸಿದ್ದರು.

ಹನ್ನೊಂದು ವರ್ಷದ ಹಿಂದೆ ಫೆಬ್ರವರಿಯಲ್ಲಿ ಮೂರು ದಿನ ಬಿರುಗಾಳಿ ಬೀಸಿತು. ನಾಲ್ಕನೆಯ ಬೆಳಿಗ್ಗೆ ಠಾಣೆಯಿಂದ ಕೆಳಗೆ ಬಂದ ಅಂಕಿ, ನಾಲ್ಕು ಸೆಂಟಿಮೀಟರ್. ಗಾಳಿ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗಿರಬೇಕು ಎಂದುಕೊಂಡು ಅಡ್ಡಗಂಬ ಎತ್ತಿದರು. ಹಿಟ್ಟಿನ ಮೂಟೆ ಹೇರಿಕೊಂಡು ಕಾದಿದ್ದ ನನ್ನ ಅಣ್ಣ ಎರ್ಮೆಕ್‌ನ ಲಾರಿಯೇ ಮೊದಲು ಹೊರಟದ್ದು. ಎರಡನೆಯ ತಿರುವಿನಲ್ಲಿ ಹಿಮದ ಗುಡ್ಡ ಕುಸಿದು ಬಿತ್ತು. ಅವನು ಸಿಕ್ಕಿದ್ದು ಐದು ದಿನದ ಮೇಲೆ.

ವಿಚಾರಣೆಯಲ್ಲಿ ತುರ್ಸುನಾಲಿ ಹೇಳಿದ್ದು ಒಂದೇ ಮಾತು. "ನಾನು ಹಾಕಿದ್ದು ನೂರಮೂವತ್ತೆರಡು." ಕಂಪ್ಯೂಟರ್ ತೆಗೆದು ನೋಡಿದರೆ ಅದರಲ್ಲೂ ನಾಲ್ಕೇ ಇತ್ತು. ಅಳತೆ ಗೀಚಿಕೊಂಡ ಚೀಟಿ ಎಲ್ಲಿ ಎಂದರೆ, ಒಲೆ ಹೊತ್ತಿಸಿದೆ ಎಂದರು. ಆ ಠಾಣೆಯಲ್ಲಿ ವಾಡಿಕೆಯೇ ಹಾಗೆ, ಅಂಕಿ ಒಳಗೆ ಹೋದ ಮೇಲೆ ಚೀಟಿ ಒಲೆಗೆ. ಊರ ಹಿರಿಯರು ನನ್ನ ಕಡೆ ತಿರುಗಿದರು.

"ಐಜಿರೆಕ್, ನೀನು ಓದಿದವಳು. ಯಂತ್ರ ಹೀಗೆ ತಪ್ಪು ಬರೀತದಾ?"

"ಕೊಟ್ಟಿದ್ದನ್ನ ಇಟ್ಟುಕೊಳ್ತದೆ, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಡಿದಿದ್ದ ಅನ್ನಿ."

ಆ ಮಾತು ಆಡಿದವಳು ನಾನು. ಬೇರೆ ಯಾರೂ ಅಲ್ಲ.

ತುರ್ಸುನಾಲಿಯ ಕೆಲಸ ಹೋಯಿತು. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅಂಗಡಿಯವನು, "ರೊಟ್ಟಿ ಎಷ್ಟು ಕೊಡ್ಲಿ, ನಾಲ್ಕಾ, ನೂರಮೂವತ್ತೆರಡಾ?" ಎಂದು ಕೇಳಿ ನಗುತ್ತಿದ್ದ. ಕೊನೆಗೆ ಮಕ್ಕಳ ಬಾಯಲ್ಲಿ ಅದೇ ಅವರ ಹೆಸರಾಯಿತು. ಅಣ್ಣನ ಮಣ್ಣಿನ ದಿನ ಅವರು ನಮ್ಮ ಪದ್ಧತಿಯಂತೆ ಬೀದಿಯ ತುದಿಯಿಂದಲೇ "ಅಯ್ಯೋ ನನ್ನ ತಮ್ಮಾ!" ಎಂದು ಗಟ್ಟಿಯಾಗಿ ಅಳುತ್ತ ಬಂದಿದ್ದರು. ನಾನು ಗೇಟಿಗೆ ಅಡ್ಡ ನಿಂತೆ. "ಕೊಂದದ್ದು ಸಾಲದು ಅಂತ ಅಳೋಕೂ ಬಂದ್ಯಾ?" ಎಂದೆ. ಅವರ ಕೂಗು ಅರ್ಧಕ್ಕೇ ನಿಂತುಹೋಯಿತು. ಟೋಪಿ ಸರಿಮಾಡಿಕೊಂಡು ಬಂದ ದಾರಿಯಲ್ಲೇ ಹೋದರು.

ಕಳೆದ ಚಳಿಗಾಲಕ್ಕೆ ಠಾಣೆ ಮುಚ್ಚಿ, ಅಲ್ಲಿನ ಹಳೆಯ ಸಾಮಾನನ್ನು ಶಾಲೆಗೆ ಕಳಿಸಿದರು. ಕಂಪ್ಯೂಟರನ್ನು ಹೊತ್ತು ತಂದದ್ದು ತುರ್ಸುನಾಲಿಯೇ. ಅದರ ನೆತ್ತಿಯ ಮೇಲೆ ಕೆಟಲ್ ಇಟ್ಟು ಸುಟ್ಟ ದುಂಡು ಗುರುತಿತ್ತು.

"ಮುಗಾಲಿಮ್," ಎಂದರು, ನಮ್ಮಲ್ಲಿ ಪಾಠ ಹೇಳುವವರನ್ನು ಕರೆಯುವುದು ಹಾಗೆ. "ಇದು ಮಕ್ಕಳಿಗೆ ಬೇಡ. ಇದು ಒಳ್ಳೇದಲ್ಲ."

"ನಿನಗಿಂತ ಒಳ್ಳೇದೇ ಇದೆ. ಇಟ್ಟು ಹೋಗು."

ಸಿಟ್ಟಿನಲ್ಲಿ ಆವತ್ತೇ ಅದರ ಡಿಸ್ಕನ್ನು ಪೂರ್ತಿ ಒರೆಸಿದೆ. ಇಪ್ಪತ್ತು ವರ್ಷದ ಮುದಿ ಯಂತ್ರ, ಲಿನಕ್ಸ್ ಬಿಟ್ಟರೆ ಬೇರೇನೂ ಅದಕ್ಕೆ ಒಗ್ಗುವಂತಿರಲಿಲ್ಲ. ಅಂಥ ಯಂತ್ರಕ್ಕೆ ಸಿದ್ಧ ಪ್ಯಾಕೇಜುಗಳನ್ನು, ಎಂದರೆ ಹಾಕಿದೊಡನೆ ಓಡುವ ತಂತ್ರಾಂಶಗಳನ್ನು, ಈಗ ಯಾರೂ ಮಾಡುವುದಿಲ್ಲ. ತಂತ್ರಾಂಶದ ಮೂಲ ಬರಹ ತಂದು, ಒಂದೊಂದನ್ನೂ ಆ ಯಂತ್ರದ ಮೇಲೇ ಕಟ್ಟಿಕೊಳ್ಳಬೇಕು. ಕಟ್ಟಲು ಬಿಟ್ಟರೆ ಅರ್ಧ ಗಂಟೆ ಓಡಿ ತಪ್ಪು ತೋರಿಸಿ ನಿಲ್ಲುತ್ತಿತ್ತು. ಬೇಕಾದ ಇನ್ನೊಂದು ಪ್ಯಾಕೇಜ್ ಇಲ್ಲವೇನೋ ಎಂದು ಅದನ್ನೂ ತಂದೆ. ಡಿಸ್ಕಿನಲ್ಲಿ ಜಾಗ ಮಾಡಿಕೊಟ್ಟೆ. ಒಂದು ಸಲಕ್ಕೆ ಒಂದೇ ಕೆಲಸ ಮಾಡು ಎಂದು ಹಗ್ಗ ಬಿಗಿದೆ. ಊಹೂಂ.

ವಾರ ಕಳೆದ ಮೇಲೆ, ತಪ್ಪುಗಳನ್ನು ಬರೆದಿಟ್ಟುಕೊಂಡಿದ್ದ ಹಾಳೆ ನೋಡುತ್ತ ಕುಳಿತಾಗ ಹೊಳೆಯಿತು. ಒಂದೇ ಪ್ಯಾಕೇಜ್, ಒಂದೇ ಆಜ್ಞೆ, ಆದರೆ ಪ್ರತಿ ಸಲವೂ ನಿಂತ ಜಾಗ ಬೇರೆ. ಹಿಟ್ಟು ಕೆಟ್ಟಿದ್ದರೆ ರೊಟ್ಟಿಯೆಲ್ಲ ಒಂದೇ ಥರ ಕೆಡುತ್ತದೆ. ಒಂದೊಂದು ಒಂದೊಂದು ಥರ ಕೆಟ್ಟರೆ ಕೆಟ್ಟಿರುವುದು ತಂದೂರು. ಪ್ಯಾಕೇಜಿನ ತಪ್ಪಲ್ಲ, ಯಂತ್ರದ್ದೇ ತಪ್ಪು.

ಮೆಮೊರಿ ಪರೀಕ್ಷೆಗೆ ಹಾಕಿದೆ. ಪರದೆಯ ಮೇಲೆ ಕೆಂಪು ಸಾಲು ಬಂತು. ಮತ್ತೆ ಓಡಿಸಿದರೆ ಅದೇ ಸಾಲು, ಅದೇ ಜಾಗ. ಅಲ್ಲಿ ಒಂದೇ ಒಂದು ಕಣ ಸತ್ತಿತ್ತು. ಒಂದು, ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತ ಹೋಗುವ ಎಂಟು ಕಣಗಳ ಬೆಲೆ ಕೂಡಿಸಿಯೇ ಯಂತ್ರ ಒಂದು ಅಂಕಿಯನ್ನು ಇಟ್ಟುಕೊಳ್ಳುವುದು. ಸತ್ತ ಕಣದ ಬೆಲೆ ಎಷ್ಟೆಂದು ಅಭ್ಯಾಸಬಲದಿಂದ ಲೆಕ್ಕ ಹಾಕಿದೆ. ನೂರಿಪ್ಪತ್ತೆಂಟು. ಅಂದರೆ ಆ ಜಾಗದಲ್ಲಿ ಇಟ್ಟ ಅಂಕಿ ಅದಕ್ಕಿಂತ ಚಿಕ್ಕದಾದರೆ ಇಟ್ಟ ಹಾಗೇ ವಾಪಸು ಬರುತ್ತದೆ. ದೊಡ್ಡದಾದರೆ ಅದರಲ್ಲಿ ನೂರಿಪ್ಪತ್ತೆಂಟನ್ನು ನುಂಗಿ ಉಳಿದದ್ದನ್ನು ಕೊಡುತ್ತದೆ.

ನೂರಮೂವತ್ತೆರಡರಲ್ಲಿ ನೂರಿಪ್ಪತ್ತೆಂಟು ಹೋದರೆ?

ನಾಲ್ಕು. ಹಾಳೆಯ ಮೇಲೆ ಮತ್ತೆ ಕಳೆದು ನೋಡಿದೆ, ನಾಲ್ಕೇ. ಠಾಣೆಯ ಅಳತೆ ಬಂದು ಕೂರುತ್ತಿದ್ದದ್ದು ಆ ಜಾಗದಲ್ಲೇ ಇರಬೇಕು. ವರ್ಷಗಟ್ಟಲೆ ಈ ಯಂತ್ರ ಹತ್ತು, ನಲವತ್ತು, ತೊಂಬತ್ತು ಎಂದು ಸರಿಯಾಗಿಯೇ ಹೇಳಿರಬೇಕು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಸುಳ್ಳು ಹೇಳಿದ್ದು ಎಲ್ಲಕ್ಕಿಂತ ದೊಡ್ಡ ಹಿಮ ಬಿದ್ದ ದಿನ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಕಲಿಸುವ ನಾನು, ಏನನ್ನೂ ಕಾಣದೆಯೇ ತೀರ್ಪು ಕೊಟ್ಟಿದ್ದೆ.

ಆ ಜಾಗಕ್ಕೇ ಅಂಕಿ ಕಳಿಸಿ ವಾಪಸು ತರುವ ನಾಲ್ಕು ಸಾಲು ಬರೆದಿಟ್ಟು ಬಾಯ್ಲರ್ ಕೋಣೆಗೆ ಓಡಿದೆ. ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟೆ. ಸುಣ್ಣದ ಗೋಡೆಯ ತುಂಬ ಇದ್ದಿಲಿನ ಅಂಕಿಗಳು, ನೆಲದಿಂದ ಸೂರಿನವರೆಗೆ. ತಾರೀಖು, ಒಂದು ಅಂಕಿ, ಪಕ್ಕದಲ್ಲಿ ಮತ್ತೆ ಅದೇ ಅಂಕಿ.

"ಇದೇನಿದು?"

ತುರ್ಸುನಾಲಿ ಸಲಿಕೆ ಕೆಳಗಿಟ್ಟರು. "ಅಂಗಳದ ಹಿಮ."

"ಎರಡೆರಡು ಸಲ ಯಾಕೆ?"

"ಒಂದ್ಸಲ ನೋಡಿ ಬರೀತೀನಿ. ಆಮೇಲೆ ಮತ್ತೆ ಹೋಗಿ ನೋಡ್ಕೊಂಡು ಬರ್ತೀನಿ. ಆವತ್ತು ನಾನು ನೂರಮೂವತ್ತೆರಡೇ ನೋಡ್ದೆ ಅನ್ಸುತ್ತೆ. ಆದ್ರೆ ಊರಿಗೂರೇ ನಾಲ್ಕು ಅಂದ್ರೆ ನಾಲ್ಕೇ ಇದ್ದಿರ್ಬೇಕು, ಅಲ್ವಾ? ಈಗ ನನ್ ಕಣ್ಣಿನ ಮೇಲೆ ನಂಗೇ ನಂಬಿಕೆ ಇಲ್ಲ."

"ಎರಡು ಅಂಕಿ ಬೇರೆಬೇರೆ ಬಂದಿದ್ದು ಎಷ್ಟು ಸಲ?"

"ಒಂದ್ಸಲವೂ ಇಲ್ಲ, ಮುಗಾಲಿಮ್."

"ಬನ್ನಿ ಬೈಕೆ," ಎಂದೆ. ಬೈಕೆ ಎಂದರೆ ಅಣ್ಣ. ಅವರು ಹಿಂದೆ ತಿರುಗಿ ನೋಡಿದರು, ಯಾರನ್ನು ಕರೆಯುತ್ತಿದ್ದಾಳೆ ಎಂದು.

ಕಂಪ್ಯೂಟರ್ ಮುಂದೆ ಕೂರಿಸಿದೆ. "ಆವತ್ತು ಹಾಕಿದ್ರಲ್ಲ, ಅದೇ ಅಂಕಿ ಹಾಕಿ." ಮಸಿ ಹಿಡಿದ ಒಂದೇ ಬೆರಳಿನಿಂದ ಒಂದು, ಮೂರು, ಎರಡು ಒತ್ತಿದರು. ಪರದೆ ನಾಲ್ಕು ಎಂದಿತು. ಮತ್ತೆ ಒತ್ತಿದರು. ನಾಲ್ಕು. ತೊಂಬತ್ತು ಒತ್ತಿದರು. ತೊಂಬತ್ತು. ಪುನಃ ನೂರಮೂವತ್ತೆರಡು. ನಾಲ್ಕು.

"ಹಾಗಾದ್ರೆ ನಾನು ನೋಡಿದ್ದು..."

"ನಿಜ, ಬೈಕೆ. ನೀವು ನೋಡಿದ್ದು ನಿಜ. ತಪ್ಪು ಹೇಳಿದ್ದು ಇದು. ಆಮೇಲೆ ನಾನು."

ಬೈಯುತ್ತಾರೆ ಎಂದುಕೊಂಡೆ, ಬೈದರೆ ಒಳ್ಳೆಯದಿತ್ತು. ಅವರು ಸುಟ್ಟ ಗುರುತಿನ ಮೇಲೆ ಕೈ ಇಟ್ಟರು.

"ಎರ್ಮೆಕ್ ಹೋಗ್ತಾ ಬರ್ತಾ ಠಾಣೆಗೆ ಬಂದು ನನ್ ಜೊತೆ ಚಹಾ ಕುಡೀತಿದ್ದ. ಈ ಗುರುತು ಬಿಟ್ಟ ಕೆಟಲ್ಲಲ್ಲೇ ಕಾಸ್ತಿದ್ದೆ. ಆವತ್ತು ಅಳೋಕೆ ಬಂದಿದ್ದೆ. ಅತ್ತು ಮುಗೀಲಿಲ್ಲ."

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ? ಮಧ್ಯಾಹ್ನವೇ ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ನಾದುತ್ತಿದ್ದ ಹಿಟ್ಟಿನಿಂದ ಕೈ ತೆಗೆಯದೆ ಕೇಳಿದಳು. ಕೊನೆಗೆ, "ನಾಳೆ ಕರ್ಕೊಂಡು ಬಾ. ಈ ಸಲ ಗೇಟಲ್ಲಿ ನೀನು ನಿಲ್ಬೇಡ," ಎಂದಳು.

ಮರುದಿನ ತುರ್ಸುನಾಲಿ ಮಸಿ ತೊಳೆದು, ಬಿಳಿ ಟೋಪಿ ಹಾಕಿ ಬಂದರು. ನಮ್ಮ ಬೀದಿಯ ತುದಿಗೆ ಬಂದದ್ದೇ ನಿಂತರು. ಸೊಂಟ ಬಗ್ಗಿತು. "ಅಯ್ಯೋ ನನ್ನ ತಮ್ಮಾ!" ಎಂಬ ಕೂಗು ಎದ್ದಿತು ನೋಡಿ, ನಾನೇ ಬೆಚ್ಚಿಬಿದ್ದೆ. ಕೂಗುತ್ತಲೇ ನಡೆದರು. ಹಾಡಹಗಲಲ್ಲಿ ಸಾವಿನ ಅಳು ಕೇಳಿ ಎರಡೂ ಕಡೆ ಬಾಗಿಲುಗಳು ತೆರೆದವು. ಹೆಂಗಸರು ಒದ್ದೆ ಕೈಯಲ್ಲೇ ಓಡಿ ಬಂದರು, ಅಂಗಡಿಯವನೂ ಬಂದ.

"ಯಾರು? ಯಾರು ಹೋದ್ರು?"

ಅಮ್ಮ ಆಗಲೇ ಗೇಟು ಪೂರ್ತಿ ತೆರೆದು ಹೊರಗೆ ನಿಂತಿದ್ದಳು.

"ನನ್ನ ಎರ್ಮೆಕ್ ಹೋದ," ಎಂದಳು. "ಅವನ ಅಣ್ಣ ಅಳೋಕೆ ಬಂದಿದ್ದಾನೆ. ದಾರಿ ಬಿಡಿ."