ಕೆಂಪು ಬಳೆಯ ಚೂರು

ನಾನು ಗಜೇಂದ್ರಗಡದ ನೇಕಾರರ ಮನೆಯವನು. ಆದರೆ ಕೆಂಪು, ಹಸಿರು, ಕಿತ್ತಳೆ ನನ್ನ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಸೀರೆಯ ಕೆಂಪು ಅಂಚಿಗೆ ಹಸಿರು ನೂಲು ಹಾಕಿ ಆರು ಬೆರಳಷ್ಟು ನೇಯ್ದಿದ್ದೆ. ಅಪ್ಪ ಬೈಯಲಿಲ್ಲ. ಅಷ್ಟನ್ನೂ ಬಿಚ್ಚಿ, "ನೀ ಸಾಲಿಗೆ ಹೋಗಪಾ, ಅಕ್ಷರ ಎಲ್ಲಾ ಕರೇವ ಇರತಾವು" ಎಂದ.

ಧಾರವಾಡದಲ್ಲಿ ಬಿ.ಎಸ್ಸಿ. ಓದುವವರೆಗೂ ಆ ಮಾತು ನಡೆಯಿತು. ಆಮೇಲೆ ಆಲ್ಕೊಹಾಲ್‌ಗಳ ಪಾಠ ಬಂತು. ಗಾಜಿನ ನಳಿಕೆಯಲ್ಲಿ ಕಿತ್ತಳೆ ಬಣ್ಣದ ಡೈಕ್ರೋಮೇಟ್ ನೀರಿಗೆ ಆಮ್ಲ ಬೆರೆಸಿ, ಆಲ್ಕೊಹಾಲ್ ಹನಿಸಿ ಬಿಸಿ ಮಾಡಬೇಕು. ಪ್ರಾಥಮಿಕ ಮತ್ತು ದ್ವಿತೀಯಕ ಆಲ್ಕೊಹಾಲ್‌ಗಳು ಉತ್ಕರ್ಷಣೆಗೊಂಡು ದ್ರಾವಣವನ್ನು ಹಸಿರು ಮಾಡುತ್ತವೆ. ತೃತೀಯಕ ಆಲ್ಕೊಹಾಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ದ್ರಾವಣ ಕಿತ್ತಳೆಯಾಗಿಯೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಹೆಸರಿಲ್ಲದ ಮೂರು ಶೀಸೆ ಕೊಟ್ಟು, ತೃತೀಯಕ ಯಾವುದೆಂದು ಕೇಳುತ್ತಿದ್ದರು.

ನಾನು ಹತ್ತು ಸಲ ಮಾಡಿದೆ, ಆರು ಸಲ ತಪ್ಪಿದೆ. ಪ್ರತಿ ತಪ್ಪಿಗೂ ದಿನಚರಿಯಲ್ಲಿ ತಾರೀಖಿನೊಡನೆ ಒಂದು ಗೀಟು. ಪಕ್ಕದವನ ನಳಿಕೆ ನೋಡಿ ಬರೆದ ಎರಡು ಸಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರಯೋಗದಲ್ಲಿ ನಪಾಸಾದರೆ ಪದವಿ ಇಲ್ಲ. ನನ್ನ ಕಣ್ಣಿಗೆ ಮಗ್ಗವೂ ಇಲ್ಲ.

ರಜೆಗೆ ರೋಣದ ಮೇಲೆ ಹಾಯ್ದು ಊರಿಗೆ ಬರುವಾಗ ನಾಲ್ಕು ನಳಿಕೆ ತಂದೆ. ಪಾನನಿಷೇಧದ ಕಾಲ, ಸ್ಪಿರಿಟ್ ಕಾಲೇಜಿನ ಬೀಗದ ಕಪಾಟಿನಿಂದ ಹೊರಬರುವಂತಿರಲಿಲ್ಲ. ಆದರೆ ಸಕ್ಕರೆಯ ಅಣುವಿನಲ್ಲೂ ಆಲ್ಕೊಹಾಲಿನದೇ ಗುಂಪುಗಳಿವೆ, ಅದೂ ದ್ರಾವಣವನ್ನು ಹಸಿರು ಮಾಡುತ್ತದೆ. ಡೈಕ್ರೋಮೇಟ್ ಮತ್ತು ಆಮ್ಲ ಬಣ್ಣಗಾರರ ಮನೆಯಲ್ಲಿ ಸಿಕ್ಕವು. ತಂಗಿ ಕೆಲವು ನಳಿಕೆಗೆ ಸಕ್ಕರೆ ನೀರು, ಉಳಿದವಕ್ಕೆ ಬರೀ ನೀರು ಹಾಕಿ, ನಾನು ಬಿಸಿ ಮಾಡಿದ ಮೇಲೆ ಅದಲುಬದಲು ಇಡುತ್ತಿದ್ದಳು.

"ಇದು ಹಸರು," ಎಂದೆ.

"ಅಲ್ಲೋ ಅಣ್ಣಾ! ಕಾಗಿ ಬಣ್ಣ ಯಾವುದಂತ ಅದನಾರ ಗೊತ್ತೈತೇನು?"

ನಗುತ್ತ ಕೈ ಬೀಸಿದಳು. ಮಗ್ಗದ ಕಂಬಕ್ಕೆ ತಾಗಿ ಅವಳ ಕೆಂಪು ಗಾಜಿನ ಬಳೆ ಒಡೆಯಿತು. ಚೂರು ಎತ್ತಿ ಸುಮ್ಮನೆ ಕಣ್ಣಿಗೆ ಹಿಡಿದೆ. ಎರಡು ನಳಿಕೆ ದೀಪದಂತೆ ಬೆಳ್ಳಗಿದ್ದವು, ಎರಡು ಮಸಿಯಂತೆ ಕಪ್ಪಾಗಿದ್ದವು. ಕೆಂಪು ಗಾಜು ಕಿತ್ತಳೆಯನ್ನು ಒಳಬಿಟ್ಟು ಹಸಿರನ್ನು ತಡೆಯುತ್ತಿತ್ತು.

"ಇವೆರಡು ಹಸರು."

ತಂಗಿಯ ನಗು ನಿಂತಿತು. "ಹ್ಯಾಂಗ ಹೇಳಿದಿ?"

"ಒಡದ ಬಳಿ ಮನ್ಯಾಗ ಇಟಗೋಬಾರ್ದು, ಹೊರಗ ಒಗಿ," ಎಂದು ಅವ್ವ ಒಳಗಿನಿಂದ ಕೂಗಿದಳು. ನಾನು ಒಗೆಯಲಿಲ್ಲ. ರಜೆ ಮುಗಿಯುವುದರೊಳಗೆ ಅರವತ್ತು ಸಲ ನೋಡಿದೆ. ಎರಡು ಗೀಟು ಬಿದ್ದವು, ಎರಡು ಸಲವೂ ನಳಿಕೆ ಸರಿಯಾಗಿ ಬಿಸಿಯಾಗಿರಲಿಲ್ಲ.

ಪರೀಕ್ಷೆಯ ದಿನ ಮೂರು ಶೀಸೆ ಬಂದವು. ಮೂರು ಡೈಕ್ರೋಮೇಟ್ ನಳಿಕೆಗಳಿಗೆ ಒಂದೊಂದನ್ನು ಹನಿಸಿ, ಸಮನಾಗಿ ಬಿಸಿ ಮಾಡಿ, ಕಿಸೆಯಿಂದ ಚೂರು ತೆಗೆದೆ.

"ಏನ್ರೀ ಅದು?" ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿಂದೆ ನಿಂತಿದ್ದರು.

"ಬಳಿರಿ, ಸರ್. ನನಗ ಕೆಂಪು ಹಸರು ತಿಳಿಯೂದಿಲ್ರಿ."

"ಬಣ್ಣ ತಿಳಿಯದವರು ಕೆಮಿಸ್ಟ್ರಿಗೆ ಯಾಕ ಬಂದ್ರಿ?"

"ಮಗ್ಗದಾಗ ಬಣ್ಣ ಇನ್ನೂ ಭಾಳ ಅದಾವ್ರಿ."

ಅವರು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ನಳಿಕೆಗಳನ್ನು ಅದಲುಬದಲು ಮಾಡಿದರು. ಐದು ಸಲ ಮಾಡಿದರು. ಐದೂ ಸಲ ಬೆಳ್ಳಗೆ ಉಳಿದ ಒಂದನ್ನೇ ಎತ್ತಿ ತೋರಿಸಿದೆ.

"ಈಗ ಏನ ಬರೀತೀರಿ? ಹಸರಾತು ಅಂತನ?"

"ಇಲ್ರಿ. ಅದನ್ನ ನಾ ನೋಡಿಲ್ರಿ."

ಹಾಳೆಯಲ್ಲಿ ಬರೆದೆ: 'ಕೆಂಪು ಗಾಜಿನ ಮೂಲಕ, ಎರಡು ನಳಿಕೆ ಕಪ್ಪಾದವು, ಒಂದು ಬದಲಾಗಲಿಲ್ಲ. ಅದು ತೃತೀಯಕ.'

ಓದಿ ಮುಗಿಸಿ ಅವರು ಕೈ ಚಾಚಿದರು. "ಕೊಡ್ರಿ ಇಲ್ಲೆ, ನಾನೂ ನೋಡತೇನಿ." ಒಂದು ಕಣ್ಣು ಮುಚ್ಚಿ ಮೂರು ನಳಿಕೆಗಳನ್ನೂ ನೋಡಿದರು. ಆಮೇಲೆ ಚೂರನ್ನು ನನ್ನ ಕೈಗಿಟ್ಟು, ಹಾಳೆಯ ಮೇಲೆ ಸರಿ ಗುರುತು ಹಾಕಿದರು. ಕರಿ ಶಾಯಿಯಲ್ಲಿತ್ತು, ನನಗೆ ಸ್ಪಷ್ಟವಾಗಿ ಕಂಡಿತು.